ಗಾಳಿಗೆ ಮುಂದಾಗುವವಳು

ಕೆ.ಆರ್. ನಗರದ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತ ಮಧುಶ್ರೀಯನ್ನು ನೋಡಿ, ಈಕೆ ಹತ್ತಾರು ವರ್ಷ ದೇಶದ ಹೆದ್ದಾರಿಗಳಲ್ಲಿ ರೇಸ್ ಸೈಕಲ್ ತುಳಿದವಳು ಅಂತ ಯಾರೂ ಊಹಿಸುತ್ತಿರಲಿಲ್ಲ. ಗೊತ್ತಿದ್ದವರು ಕೂಡ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಎಷ್ಟ್ ಮೆಡಲ್ ಬಂದವೆ ಮೇಡಂ?" ಮಧುಶ್ರೀ ನಕ್ಕು ಟಿಕೆಟ್ ಮುಂದೆ ಸರಿಸುತ್ತಿದ್ದಳು. ಉತ್ತರ ಉದ್ದದ್ದು, ಅವರ ಹಿಂದೆ ಸಾಲು ನಿಂತಿರುತ್ತಿತ್ತು.

ಅವಳು ಹುಟ್ಟಿದ್ದು ಹುಣಸೂರು ತಾಲ್ಲೂಕಿನ ಗುರುಪುರದ ಪಕ್ಕದ ಹಳ್ಳಿಯಲ್ಲಿ. ಅಪ್ಪ ನಿಂಗಯ್ಯನದು ಹೊಗೆಸೊಪ್ಪಿನ ಬೇಸಾಯ. ಎಂಟನೇ ಕ್ಲಾಸಿಗೆ ಬಂದಾಗ ಶಾಲೆಯಲ್ಲಿ ಎಲ್ಲರಿಗೂ ಕೊಡುವ ಸೈಕಲ್ ಅವಳಿಗೂ ಬಂತು. ದಾರಿಯಲ್ಲಿ ಸಿಗುವ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪಿನ ಏರಿನಲ್ಲಿ ಮಿಕ್ಕ ಹುಡುಗಿಯರು ಇಳಿದು ತಳ್ಳಿಕೊಂಡು ಹೋಗುವಾಗ ಇವಳು ಸೀಟಿನಿಂದ ಏಳದೆ, ಮಾತಾಡುತ್ತಲೇ ಹತ್ತಿಬಿಡುತ್ತಿದ್ದಳು. ಬೈಕಿನಲ್ಲಿ ಹಿಂದೆ ಬರುತ್ತಿದ್ದ ಪಿ.ಟಿ. ಮೇಷ್ಟ್ರು ವೀರಭದ್ರಸ್ವಾಮಿ ಇದನ್ನು ಒಂದು ದಿನ ನೋಡಿದರು, ಮತ್ತೊಂದು ದಿನ ನೋಡಿದರು, ಆಮೇಲೆ ನೇರ ನಿಂಗಯ್ಯನ ಮನೆಗೇ ಬಂದು ಜಗಲಿಯ ಮೇಲೆ ಕೂತರು. ಆ ವರ್ಷ ಬೇಸಿಗೆ ಮುಗಿಯುವಷ್ಟರಲ್ಲಿ ಮಧುಶ್ರೀ ದೂರದ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ಲಿನಲ್ಲಿದ್ದಳು.

ಅಲ್ಲಿ ಊಟದ ತಟ್ಟೆಯ ಮುಂದೆ ಅಳುತ್ತಿದ್ದ ಇನ್ನೊಬ್ಬ ಹುಡುಗಿ ಸಿಕ್ಕಳು. ಹೆಸರು ಸ್ಪಂದನಾ, ಪಿರಿಯಾಪಟ್ಟಣದ ಕಡೆಯವಳು.

"ಇಲ್ಲಿ ಮುದ್ದೆ ಮಾಡದೇ ಇಲ್ವಂತೆ ಕಣೇ," ಅಂದಳು ಸ್ಪಂದನಾ ಮೂಗೊರೆಸಿಕೊಂಡು.

ತನ್ನ ಕಡೆಯ ಮಾತು ಕಿವಿಗೆ ಬಿದ್ದದ್ದೇ ಮಧುಶ್ರೀಗೂ ಅಳು ಬಂತು. ಇಬ್ಬರೂ ಅತ್ತು ಮುಗಿಸಿ ಜೋಳದ ರೊಟ್ಟಿ ಮುರಿದು ತಿಂದರು. ಅಲ್ಲಿಂದ ಮುಂದೆ ಒಬ್ಬಳಿದ್ದಲ್ಲಿ ಇನ್ನೊಬ್ಬಳು.

ರಸ್ತೆಯ ಸೈಕಲ್ ರೇಸಿನಲ್ಲಿ ದೊಡ್ಡ ವೈರಿ ಗಾಳಿ. ಮುಂದೆ ಹೋಗುವವಳು ಗಾಳಿಯನ್ನು ಎದೆಗೆ ತೆಗೆದುಕೊಂಡರೆ ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬರುವವಳಿಗೆ ಅರ್ಧ ಶ್ರಮ ಉಳಿಯುತ್ತದೆ. ಹಾಗಾಗಿ ಪ್ರತಿ ತಂಡದಲ್ಲೂ ಗೆಲ್ಲುವವಳು ಒಬ್ಬಳು, ಅವಳಿಗಾಗಿ ಗಾಳಿ ಒಡೆಯುವವರು ಉಳಿದವರು. ಸ್ಪಂದನಾಳ ಕಾಲಿನಲ್ಲಿ ಕೊನೆಯ ಓಟದ ಮಿಂಚಿತ್ತು. ಮಧುಶ್ರೀಯ ಕಾಲಿನಲ್ಲಿ ಮಿಂಚಿರಲಿಲ್ಲ, ಆದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ತುಳಿಯುವ ಕಸುವಿತ್ತು. ಕೋಚ್ ಶಂಕರ್ ಒಮ್ಮೆ ಇಬ್ಬರನ್ನೂ ನಿಲ್ಲಿಸಿ, ಮಧುಶ್ರೀಗೆ "ನೀನು ಮುಂದೆ, ಇವಳು ನಿನ್ನ ಹಿಂದೆ" ಅಂದರು. ಆ ಮಾತು ಇಬ್ಬರ ಬದುಕಿಗೇ ಸಾಲು ಹಾಕಿಕೊಟ್ಟಂತಾಯಿತು. ಹಾಸ್ಟೆಲ್ ಮುಗಿದು, ರೈಲ್ವೆಯಲ್ಲಿ ಕೆಲಸ ಸಿಕ್ಕಿ, ರೈಲ್ವೆ ತಂಡಕ್ಕೆ ತುಳಿಯುವಾಗಲೂ ಅದೇ ಸಾಲು. ಮಧುಶ್ರೀ ಕತ್ತು ತಗ್ಗಿಸಿ, ತೋಳಿನ ಸಂದಿನಿಂದ ಹಿಂದೆ ನೋಡಿಕೊಂಡೇ ತುಳಿಯುತ್ತಿದ್ದಳು. ಸ್ಪಂದನಾಳ ಚಕ್ರ ಅಲ್ಲಿದೆಯೋ ಇಲ್ಲವೋ, ಒಂದು ಗೇಣು ದೂರವಾಯಿತೋ ಹೇಗೆ. ಅದಷ್ಟೇ ಅವಳ ಲೋಕ.

ಮಹಾರಾಷ್ಟ್ರದಲ್ಲಿ ನಡೆದ ಒಂದು ರಾಷ್ಟ್ರೀಯ ಸ್ಪರ್ಧೆಯಲ್ಲಿ ಗುರಿ ಹತ್ತಿರ ಬಂದಿದ್ದಾಗ ಸ್ಪಂದನಾಳ ಚಕ್ರ ಪಂಕ್ಚರ್ ಆಯಿತು. ತಂಡದ ಗಾಡಿ ಎಲ್ಲೋ ಹಿಂದೆ ಉಳಿದಿತ್ತು. ಮಧುಶ್ರೀ ಯೋಚಿಸಲೇ ಇಲ್ಲ. ಇಳಿದವಳೇ ತನ್ನ ಸೈಕಲ್ಲಿನ ಚಕ್ರ ಬಿಚ್ಚಿ ಅವಳಿಗೆ ಹಾಕಿ, ಬೆನ್ನಿಗೆ ಕೈಕೊಟ್ಟು ತಳ್ಳಿದಳು. ಸ್ಪಂದನಾ ಚಿನ್ನ ಗೆದ್ದಳು. ಮಧುಶ್ರೀ ಈರುಳ್ಳಿ ಹೊಲದ ಬದುವಿನಲ್ಲಿ ಒಂದು ಚಕ್ರದ ಸೈಕಲ್ ಮಲಗಿಸಿಕೊಂಡು, ಗಾಡಿ ಬರುವ ತನಕ ಕೂತಿದ್ದಳು.

ಅವತ್ತು ಫೋನಿನಲ್ಲಿ ನಿಂಗಯ್ಯ ಕೇಳಿದ. "ನಿಂಗೇನ್ ಬಂತವ್ವ?"

"ನಮ್ಗೆ ಫಸ್ಟ್ ಬಂತು ಕಣಪ್ಪ."

"ನಮ್ಗೆ ಅಂದ್ರೆ?"

"ನಮ್ಗೆ," ಅಂದಳು ಮಧುಶ್ರೀ. ನಿಂಗಯ್ಯನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಹತ್ತಿರ ಸೊಪ್ಪು ಹೆಣೆಯುತ್ತಿದ್ದವರಿಗೆಲ್ಲ ಮಂಡ್ಯದ ಬೆಲ್ಲ ಹಂಚಿದ.

ಮೂವತ್ತು ದಾಟುವ ಹೊತ್ತಿಗೆ ತಂಡಕ್ಕೆ ಹೊಸ ಹುಡುಗಿಯರು ಬಂದರು. ಗಾಳಿ ಒಡೆಯುವವರಿಗೆ ವಯಸ್ಸು ಬೇಗ ಆಗುತ್ತದೆ. ಮಧುಶ್ರೀ ಜಗಳವಿಲ್ಲದೆ ಕೆಲಸಕ್ಕೆ ಹಿಂದಿರುಗಿ, ಕೆ.ಆರ್. ನಗರಕ್ಕೆ ಕೇಳಿ ಹಾಕಿಸಿಕೊಂಡಳು. ಅದೇ ವರ್ಷ ಅಲ್ಲೇ ಹತ್ತಿರದ ಮಿರ್ಲೆಯ ರಘುವಿನ ಜೊತೆ ಮದುವೆಯಾಯಿತು. ರಘುವಿಗೆ ನಾಲೆಯ ಕೆಳಗೆ ಭತ್ತದ ಗದ್ದೆ, ಜೊತೆಗೊಂದು ಟಿಲ್ಲರ್. ಮನೆಯಲ್ಲಿ ಅವನ ತಾಯಿ ಸುನಂದಮ್ಮ. ಸ್ಪಂದನಾ ಮದುವೆಗೆ ಬಂದು, ಧಾರೆಯ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಅತ್ತು, ಮಾರನೆಯ ದಿನದ ರೈಲಿಗೆ ತರಬೇತಿಗೆ ಹೊರಟುಹೋದಳು.

ಒಂದು ವರ್ಷ ಮಧುಶ್ರೀ ಸೈಕಲ್ ಮುಟ್ಟಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಎಲ್ಲಿಗೆ ಹೋಗುವುದು, ಯಾರಿಗಾಗಿ ತುಳಿಯುವುದು ಎನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಬರಬರುತ್ತ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು, ಸುಮ್ಮನೆ ಕೂತರೂ ಮೊಣಕಾಲು ನೋಯತೊಡಗಿತು. ಆಸ್ಪತ್ರೆಯಲ್ಲಿ ಏನೂ ಇಲ್ಲ ಅಂದರು. ಊರಿನವರು ಬೇರೆ ಏನೇನೋ ಲೆಕ್ಕ ಹಾಕಿ ಸುನಂದಮ್ಮನ ಕಿವಿಯಲ್ಲಿ ಕೇಳಿದರು. ಸುನಂದಮ್ಮ ಅವರಿಗೆ ಕಾಫಿ ಕುಡಿಸಿ ಕಳಿಸಿದಳು. ಒಂದು ಭಾನುವಾರ ಸೊಸೆಯನ್ನು ಹಿತ್ತಲಲ್ಲಿ ಕೂರಿಸಿಕೊಂಡು ಕಾಲಿಗೆ ಹರಳೆಣ್ಣೆ ತಿಕ್ಕುತ್ತ, ಆ ಮೀನಖಂಡಗಳ ಗಟ್ಟಿತನ ಕೈಗೆ ಸಿಕ್ಕಾಗ ನಿಲ್ಲಿಸಿದಳು.

"ಗೇದು ಗೇದು ಹದ ಆಗಿರೋ ಮೈ ಕಣವ್ವ ಇದು. ಕೂರ್ಸಿದ್ರೆ ಕೊರಗ್ತದೆ. ನಾಳಿಂದ ಸೈಕಲ್ ತಕ್ಕಂಡು ನಾಲೆ ಏರಿ ಮ್ಯಾಲೆ ಓಗಿ, ತೂಬಿನ ತಾವ ನೀರ್ ಬಂತಾ ನೋಡ್ಕಂಡ್ ಬಾ."

"ನೀರು ನೋಡಕ್ಕೆ ಅವ್ರು ಹೋಗ್ತಾರಲ್ಲ ಅತ್ತೆ."

"ಅವ್ನು ಅಲ್ಲಿಗೋದ್ರೆ ಒಂದ್ ಗಂಟೆ ಹರಟೆ ಒಡ್ಕಂಡ್ ಬತ್ತನೆ. ನೀ ಓಗು."

ಮಾರನೆಯ ಬೆಳಿಗ್ಗೆ ಮಧುಶ್ರೀ ತನ್ನ ರೇಸ್ ಸೈಕಲ್ಲನ್ನು ನಾಲೆಯ ಏರಿಗೆ ಹತ್ತಿಸಿದಳು. ಕಡ್ಡಿಯಂಥ ಟೈರು, ಕೆಳಗೆ ಮಳೆ ಕುಡಿದ ಜೇಡಿ. ಮೊದಲ ತಿರುವಿನಲ್ಲೇ ಜಾರಿ, ಸೈಕಲ್ ಸಮೇತ ಪಕ್ಕದ ಗದ್ದೆಯ ಕೆಸರಿಗೆ ಬಿದ್ದಳು. ನಾಟಿ ಹಾಕುತ್ತಿದ್ದ ಹೆಂಗಸರು ಬೆನ್ನೆತ್ತಿ ನೋಡಿ ನಕ್ಕರು. ಕೆಸರಿನಲ್ಲಿ ಕೂತ ಮಧುಶ್ರೀಗೂ ನಗು ಬಂತು. ಬಹಳ ದಿನದ ಮೇಲೆ ಹಸಿವೂ ಆಯಿತು. ಅವತ್ತು ಮನೆಗೆ ಬಂದು ನಾಲ್ಕು ರೊಟ್ಟಿ ತಿಂದದ್ದನ್ನು ಸುನಂದಮ್ಮ ನೋಡಿಯೂ ನೋಡದವಳಂತೆ ಮತ್ತೊಂದು ರೊಟ್ಟಿಗೆ ಹಿಟ್ಟು ತಟ್ಟಿದಳು.

ಕೆಸರಿಗೆ ಆಗುವ ಸೈಕಲ್ ಹುಡುಕಿದವನು ರಘು. ಗುರುಪುರದ ಟಿಬೆಟಿಯನ್ ಕ್ಯಾಂಪಿನ ಯುವಕನೊಬ್ಬ ಹೊರದೇಶಕ್ಕೆ ಹೊರಟಿದ್ದ. ಅವನ ಹತ್ತಿರ ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ ಬೆಟ್ಟದ ಸೈಕಲ್ ಇತ್ತು. ರಘು ಅದನ್ನು ಟಿಲ್ಲರಿನ ಟ್ರೈಲರಿನಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು, ಗುರುಪುರದಿಂದ ಮಿರ್ಲೆಯವರೆಗೆ ಅರ್ಧ ದಿನ ಓಡಿಸಿಕೊಂಡು ಬಂದ.

"ಬಸ್ಸಿನ ಮೇಲೆ ಹಾಕ್ಕೊಂಡು ಬರ್ಬೋದಿತ್ತಲ್ರೀ," ಅಂದಳು ಮಧುಶ್ರೀ.

"ಬಸ್ಸ್ನೋರು ಎತ್ತಾಕ್ತರೆ ಕಣೇ. ಇದ್ಕೆ ಗೀರು ಬಿದ್ರೆ?" ಅಂದ ರಘು. ಬಿಸಿಲಿಗೆ ಅವನ ಮುಖ ಸುಟ್ಟು ಕೆಂಪಾಗಿತ್ತು.

ಅಲ್ಲಿಂದ ದಿನಾ ಬೆಳಿಗ್ಗೆ ನಾಲೆ ಏರಿ, ಆಮೇಲೆ ಸಾಲಿಗ್ರಾಮದ ಕಡೆಯ ಕಾಲುದಾರಿ, ಚುಂಚನಕಟ್ಟೆಯ ಬಂಡೆಗಳು, ರಜೆ ಸಿಕ್ಕರೆ ತೌರಿನ ಕಡೆಯ ಗುಡ್ಡಗಳು. ಕೇಳಿದವರಿಗೆಲ್ಲ ಸುನಂದಮ್ಮ ಹೇಳುತ್ತಿದ್ದುದು ಒಂದೇ ಮಾತು: "ನೀರ್ ನೋಡಕ್ಕೆ ಓಗವ್ಳೆ." ಬೇಸಿಗೆ ಬಂದು ನಾಲೆ ನಿಂತಾಗ ಪಕ್ಕದ ಮನೆಯ ಚಿಕ್ಕಬಸಮ್ಮ ಬೇಲಿಯ ಮೇಲಿಂದ ಕೇಳಿಯೇ ಬಿಟ್ಟಳು.

"ನಾಲೆಲಿ ನೀರೇ ಇಲ್ವಲ್ಲೇ ಸುನಂದಿ. ನಿನ್ ಸೊಸೆ ಅದೇನ್ ನೋಡಕ್ಕೋಯ್ತಳೆ?"

"ಇಲ್ಲ ಅನ್ನದ್ನ ನೋಡ್ಕಂಡ್ ಬತ್ತಳೆ," ಅಂದು ಸುನಂದಮ್ಮ ಪಾತ್ರೆ ಬೆಳಗಿದಳು.

ರಸ್ತೆಯಲ್ಲಿ ತುಳಿದವಳಿಗೆ ಮಣ್ಣು ಸುಲಭ ಎಂದುಕೊಂಡಿದ್ದ ಮಧುಶ್ರೀಯ ಹೆಮ್ಮೆ ಮಣ್ಣುದಾರಿಯ ಮೊದಲ ರೇಸಿನಲ್ಲೇ ಇಳಿಯಿತು. ಹುಣಸೂರಿನ ಹತ್ತಿರದ ಒಂದು ತೋಟದಲ್ಲಿ ನಡೆದ ಆ ರೇಸಿನ ಏರುದಾರಿಯಲ್ಲಿ ಎಲ್ಲರನ್ನೂ ದಾಟಿದಳು. ಇಳಿಜಾರು ಬಂದಾಗ ಹಳೆಯ ಚಾಳಿ ಅಡ್ಡ ಬಂತು. ಅಭ್ಯಾಸಬಲದಿಂದ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು, ಚಕ್ರ ಬೇರಿಗೆ ತಾಗಿತು, ಅವಳು ಲಂಟಾನದ ಪೊದೆಯೊಳಗಿದ್ದಳು. ಎದ್ದು ಹೊರಟಳು, ಮತ್ತೆ ತಿರುಗಿ ನೋಡಿದಳು, ಮತ್ತೆ ಬಿದ್ದಳು. ಕೊನೆಯವರಲ್ಲಿ ಒಬ್ಬಳಾಗಿ ಮುಗಿಸಿ ಮನೆಗೆ ಬಂದಳು.

ಸುನಂದಮ್ಮ ಅವಳನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ, ಪಿನ್ನಿನಲ್ಲಿ ಒಂದೊಂದೇ ಮುಳ್ಳು ತೆಗೆದಳು. "ನಾನೂ ಕಂಡಿವ್ನಿ, ಏರಿ ಮ್ಯಾಲೂ ಇಂಗೇ ಮಾಡ್ತೀಯ. ಯಾರ್ನವ್ವ ಇಂದಕ್ಕೆ ನೋಡದು ನೀನು?"

ಮಧುಶ್ರೀಯ ಕಣ್ಣು ತುಂಬಿ ಬಂತು. ಮುಳ್ಳು ಚುಚ್ಚಿತೇನೋ ಎಂದು ಸುನಂದಮ್ಮ ಪಿನ್ನು ಕೆಳಗಿಟ್ಟು, ಗಾಯಕ್ಕೆ ಉಫ್ ಎಂದು ಊದಿದಳು.

ಮುಂದಿನ ಮಳೆಗಾಲ ಕಳೆಯುವುದರೊಳಗೆ ಮಧುಶ್ರೀ ಇಳಿಯುವುದನ್ನು ಕಲಿತಳು. ಬ್ರೇಕ್ ಹಿಡಿದವರು ಬೀಳುತ್ತಾರೆ, ಕಲ್ಲನ್ನು ನೋಡಿದವರು ಕಲ್ಲಿಗೇ ಹೋಗುತ್ತಾರೆ, ದಾರಿಯನ್ನು ನೋಡಿದವರಿಗೆ ದಾರಿ ಸಿಗುತ್ತದೆ ಎನ್ನುವುದು ಮೈಗೆ ಹತ್ತಿತು. ಕತ್ತು ಮಾತ್ರ ಆಗಾಗ ಹಿಂದಕ್ಕೆ ಎಳೆಯುತ್ತಿತ್ತು.

ಆ ಚಳಿಗಾಲದಲ್ಲಿ ಸರಗೂರಿನಾಚೆ, ನುಗು ಜಲಾಶಯದ ಹಿನ್ನೀರಿನ ದಂಡೆಯಲ್ಲಿ ದೊಡ್ಡದೊಂದು ರೇಸ್ ಎಂದು ಸುದ್ದಿಯಾಯಿತು. ಹತ್ತಿ ಹೊಲಗಳ ನಡುವಿನ ಗಾಡಿದಾರಿ, ಕಲ್ಲುಗುಡ್ಡ, ನೀರಿನ ಅಂಚಿನ ಬಯಲು. ಅದನ್ನೇ ಸುತ್ತಿ ಸುತ್ತಿ ಬರಬೇಕು. ಹೆಸರು ಕೊಟ್ಟ ಮೇಲೆ ಸ್ಪಂದನಾಳ ಫೋನು ಬಂತು.

"ನಾನೂ ಬತ್ತಿದ್ದೀನಿ ಕಣೇ. ರಸ್ತೆ ರೇಸೆಲ್ಲ ಮುಗೀತಿದ್ದಂಗೆ ಈಗ ನಮ್ಮೋರೆಲ್ಲ ಮಣ್ಣಿಗೆ ಇಳೀತವ್ರೆ. ಕೆಲವ್ರು ಓಡ್ತರೆ, ಕೆಲವ್ರು ಈಜ್ತರೆ. ನಾನು ಮಣ್ಣು ನೋಡಣ ಅಂತ."

"ಬಾ," ಅಂದಳು ಮಧುಶ್ರೀ. ಫೋನಿಟ್ಟವಳೇ ಆಗಲೇ ಒರೆಸಿಟ್ಟಿದ್ದ ಸೈಕಲ್ಲನ್ನು ಮತ್ತೆ ಒರೆಸತೊಡಗಿದಳು. ಸಂತೋಷಕ್ಕೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ.

ರೇಸಿನ ದಿನ ಮಧುಶ್ರೀ, ರಘು, ಸುನಂದಮ್ಮ ಮೂವರೂ ನೆಂಟರೊಬ್ಬರ ಗೂಡ್ಸ್ ಆಟೋದಲ್ಲಿ ಸರಗೂರು ತಲುಪಿದರು. ಸುನಂದಮ್ಮ ಮಡಿಲಲ್ಲಿ ಬುತ್ತಿ ಹಿಡಿದಿದ್ದಳು. ಸ್ಪಂದನಾ ಓಡಿ ಬಂದು ಗೆಳತಿಯನ್ನು ತಬ್ಬಿಕೊಂಡಳು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಂಡು ಅಲ್ಲೇ ಹತ್ತಿಯ ಹೊಲದ ಬದುವಿನಲ್ಲಿ ಕೂತುಬಿಟ್ಟಳು. ಮಧುಶ್ರೀ ಸೈಕಲ್ ತಪಾಸಣೆಗೆಂದು ಅತ್ತ ಹೋದಾಗ, ಸ್ಪಂದನಾ ಸುನಂದಮ್ಮನಿಗೆ ಈರುಳ್ಳಿ ಹೊಲದ ಪಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ನನ್ನ ಮನೇಲಿರೋ ಆ ಚಿನ್ನದ ಮೆಡಲ್ಲು ಇವ್ಳ ಚಕ್ರದ್ದು ಅತ್ತೆಮ್ಮ. ನಿಮ್ಗೆ ಹೇಳೇ ಇಲ್ವಾ ಇವ್ಳು?"

ಸುನಂದಮ್ಮ ಇನ್ನೊಂದು ರೊಟ್ಟಿ ಮಡಿಸಿ ಸ್ಪಂದನಾಳ ಕೈಗಿಟ್ಟಳು. "ತಿನ್ನು ಮಗ. ನೀನೂ ಎಷ್ಟ್ ವರ್ಷ ಒತ್ಕಂಡಿದ್ದೆ ಈ ಭಾರವ."

ರೇಸ್ ಶುರುವಾಯಿತು. ಹಿನ್ನೀರಿನ ಬಯಲಿಗೆ ಬರುತ್ತಿದ್ದಂತೆ ನೀರಿನ ಮೇಲಿಂದ ಗಾಳಿ ರಪ್ಪನೆ ಬಡಿಯಿತು. ಮಧುಶ್ರೀಯ ಮೈ ತಾನಾಗಿ ತಗ್ಗಿತು, ಕಾಲು ತಾನಾಗಿ ಲಯ ಹಿಡಿಯಿತು. ತೋಳಿನ ಸಂದಿನಿಂದ ನೋಡಿದರೆ ಸ್ಪಂದನಾಳ ಚಕ್ರ ಅಲ್ಲೇ, ಒಂದು ಗೇಣಿನಲ್ಲಿ. ಎಷ್ಟೋ ವರ್ಷದ ಮೇಲೆ ಮನೆಗೆ ಬಂದಂತೆ ಅನ್ನಿಸಿತು. ಬಯಲು ಮುಗಿದು ಏರು ಬಂದಾಗ, ಗಾಳಿಯ ಮರೆಯಲ್ಲಿ ಉಸಿರು ಉಳಿಸಿಕೊಂಡಿದ್ದ ಸ್ಪಂದನಾ ಹಗುರವಾಗಿ ಮುಂದೆ ಹೋದಳು. ಇಳಿಜಾರಿನಲ್ಲಿ ಮಧುಶ್ರೀ ಅವಳನ್ನು ಹಿಡಿದಳು. ಕಲ್ಲಿನ ದಾರಿ ಹೊಸದಾದ್ದರಿಂದ ಸ್ಪಂದನಾ ಬ್ರೇಕ್ ಹಿಡಿದೇ ಇಳಿಯುತ್ತಿದ್ದಳು. ಅವಳನ್ನು ದಾಟಬಹುದಿತ್ತು. ಮಧುಶ್ರೀ ದಾಟಲಿಲ್ಲ. ಮತ್ತೆ ಬಯಲು, ಮತ್ತೆ ಗಾಳಿ, ಮತ್ತೆ ಮಧುಶ್ರೀ ಮುಂದೆ. ಹೀಗೆಯೇ ಸುತ್ತುಗಳು ಉರುಳಿದವು. ಅಷ್ಟರಲ್ಲಿ ಕೊಡಗಿನ ಹುಡುಗಿಯೊಬ್ಬಳು ಇಬ್ಬರನ್ನೂ ಬಿಟ್ಟು ದೂರ ಹೋಗಿದ್ದಳು.

ಸುನಂದಮ್ಮ ಬಯಲಿನ ಕೊನೆಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಪ್ರತಿ ಸುತ್ತಿನಲ್ಲೂ ಅದನ್ನೇ ಕಂಡಳು. ಸೊಸೆ ಮುಂದೆ ಗಾಳಿಗೆ ಹಲ್ಲು ಕಚ್ಚಿ ಬರುವುದು, ಅವಳ ನೆರಳಿನಲ್ಲಿ ಗೆಳತಿ ಬರುವುದು. ರೇಸಿನ ಲೆಕ್ಕ ಅವಳಿಗೆ ತಿಳಿಯದು. ಆದರೆ ಸೊಸೆಯ ಮುಖ ಸುತ್ತಿನಿಂದ ಸುತ್ತಿಗೆ ಬಾಡುತ್ತಿದ್ದುದು ಕಾಣುತ್ತಿತ್ತು. ಕೊನೆಯ ಸುತ್ತಿನಲ್ಲಿ ಬಾಟಲಿ ಕೊಡುವಾಗ ಸೈಕಲ್ಲಿನ ಪಕ್ಕ ಸೀರೆ ಎತ್ತಿ ಕಟ್ಟಿ ನಾಲ್ಕು ಹೆಜ್ಜೆ ಓಡಿದಳು.

"ಅವಳ ಗಾಳಿ ಅವ್ಳು ತಡ್ಕತಳೆ, ನೀ ಓಗವ್ವ!" ಎಂದು ಕೂಗಿದಳು. "ಓಗು!"

ಹಿಂದಿದ್ದ ಸ್ಪಂದನಾಳಿಗೂ ಅದು ಕೇಳಿಸಿತು. ಅವಳು ನಕ್ಕುಬಿಟ್ಟಳು. "ಕೇಳುಸ್ತೇನೇ? ಓಗು ಅಂತವ್ರೆ!"

ಏರಿನಲ್ಲಿ ಇಬ್ಬರೂ ಸಮಸಮ ಹತ್ತಿದರು. ತುದಿ ಮುಟ್ಟಿ ಇಳಿಜಾರು ತೆರೆದುಕೊಂಡಾಗ ಮಧುಶ್ರೀ ಬ್ರೇಕಿನಿಂದ ಬೆರಳು ತೆಗೆದಳು. ಕಲ್ಲುಗಳು ಟಣಟಣ ಎಂದವು, ಹ್ಯಾಂಡಲ್ ಕೈಯಲ್ಲಿ ಕುದುರೆಯಂತೆ ಕುಣಿಯಿತು. ಕತ್ತು ಎಳೆಯಿತು. ಅವಳು ಮುಂದಿನ ದಾರಿಯನ್ನೇ ನೋಡಿದಳು. ಮೊದಲ ತಿರುವು, ಎರಡನೆಯದು. ಹಿಂದೆ ಯಾರೂ ಇಲ್ಲ ಎನ್ನುವುದು ಬೆನ್ನಿಗೆ ತಂಪಾಗಿ ತಾಗಿತು. ಆ ತಂಪಿನಲ್ಲಿ ಭಯವೂ ಇತ್ತು, ಹಗುರವೂ ಇತ್ತು.

ಆಗ ಹಿಂದೆ ಸದ್ದಾಯಿತು. ಕಲ್ಲಿನ ಮೇಲೆ ಸೈಕಲ್ ಬಿದ್ದ ಸದ್ದು.

ಮಧುಶ್ರೀ ನಿಲ್ಲಿಸಿದಳು. ಸೈಕಲ್ ಒರಗಿಸಿ ಮೇಲಕ್ಕೆ ಓಡಿದಳು. ಸ್ಪಂದನಾ ದಾರಿಯ ಪಕ್ಕ ಎದ್ದು ಕೂತು ಎಡ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಅಲ್ಲಾಡ್ಸು. ಬೆರಳು ಅಲ್ಲಾಡ್ಸು ನೋಡಣ," ಅಂದಳು ಮಧುಶ್ರೀ.

ಸ್ಪಂದನಾ ಬೆರಳು ಆಡಿಸಿದಳು. ಕೆಳಗಿನಿಂದ ಸ್ವಯಂಸೇವಕರು ಔಷಧಿ ಚೀಲ ಹಿಡಿದು ಹತ್ತಿ ಬರುತ್ತಿದ್ದರು.

"ಬಂದ್ರಲ್ಲ ಅವ್ರು. ಇನ್ಯಾಕೆ ನಿಂತಿದ್ದೀಯ? ನೀನಿಲ್ಲಿ ಕೂತ್ರೆ ನಾ ಇನ್ಯಾವತ್ತೂ ನಿನ್ ಮಾತಾಡ್ಸಲ್ಲ ಕಣೇ, ದೇವ್ರಾಣೆ!" ಅಂದಳು ಸ್ಪಂದನಾ. ನೋವಿಗೆ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಬಲಗೈಯನ್ನು ಗೆಳತಿಯ ಬೆನ್ನಿಗೆ ಕೊಟ್ಟು ಇಳಿಜಾರಿನ ಕಡೆ ತಳ್ಳಿದಳು.

ಮಧುಶ್ರೀ ಹೋದಳು. ನಿಂತಿದ್ದ ಹೊತ್ತಿನಲ್ಲಿ ಇನ್ನೊಬ್ಬಳು ದಾಟಿಹೋಗಿದ್ದಳು. ಕೊನೆಯ ಬಯಲಿನಲ್ಲಿ ಅವಳೂ ಕಂಡಳು, ಗಾಳಿಗೆ ಸೋತು ತಲೆ ಅಲ್ಲಾಡಿಸುತ್ತಿದ್ದಳು. ಗಾಳಿಯಲ್ಲಿ ಹೇಗೆ ಬದುಕುವುದೆಂದು ಮಧುಶ್ರೀಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳನ್ನು ದಾಟಿ, ಯಾರಿಗೂ ಮರೆಯಾಗದೆ, ಯಾರ ಮರೆಯನ್ನೂ ಹಿಡಿಯದೆ ಗೆರೆ ಮುಟ್ಟಿದಳು. ಎರಡನೆಯ ಸ್ಥಾನ.

ಮೆಡಲ್ ಕೊರಳಿಗೆ ಬಿದ್ದಾಗ ಅದರ ಭಾರಕ್ಕೆ ಅವಳಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಬೇರೆಯವರ ಕೊರಳಿನಲ್ಲಿ ನೋಡಿದ್ದಳು, ತೂಕ ಗೊತ್ತಿರಲಿಲ್ಲ. ರಘು ಫೋಟೋ ತೆಗೆಯಹೋಗಿ ತನ್ನ ಹೆಬ್ಬೆರಳನ್ನೇ ಮೂರು ಸಲ ತೆಗೆದ. ಹಳ್ಳಿಯಿಂದ ಬಂದಿದ್ದ ನಿಂಗಯ್ಯ ಗುಂಪಿನ ಹಿಂದೆ ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮಗಳು ಹತ್ತಿರ ಹೋದಾಗ, "ಬಿಸ್ಲು ಜಾಸ್ತಿ ಆಯ್ತು ಕಣವ್ವ ಈ ಕಡೆ" ಅಂದ.

ಸುನಂದಮ್ಮ ಮೆಡಲ್ ತಿರುಗಿಸಿ ನೋಡಿದಳು. "ಮೊದಲ್ನೇದು ಆ ಕೊಡಗಿನ ಮಗೀದಾ?"

"ಹೂಂ ಅತ್ತೆ."

"ಒಂಟಿ ಬಂದವ್ಳೆ ಪಾಪ, ಜೊತೆಗೆ ಯಾರೂ ಇಲ್ಲ. ಕರಿ ಅವಳ್ನೂ. ರೊಟ್ಟಿ ಇನ್ನೂ ಅವೆ."

ಹೀಗೆ ಗೆದ್ದವಳು, ಎರಡನೆಯವಳು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಸ್ಪಂದನಾ ಎಲ್ಲರೂ ಹತ್ತಿ ಹೊಲದ ಬದುವಿನಲ್ಲಿ ಒಂದೇ ಬುತ್ತಿಗೆ ಕೂತರು. ಸ್ಪಂದನಾಳ ಬಲಗೈಯಲ್ಲೂ ತರಚು ಗಾಯವಿತ್ತು. ಸುನಂದಮ್ಮ ತುತ್ತು ಮಾಡಿ ಬಾಯಿಗಿಟ್ಟಳು.

ಮೂಳೆ ಬಿರುಕು ಬಿಟ್ಟಿದ್ದ ಕೈಗೆ ವಿಶ್ರಾಂತಿ ಬೇಕೆಂದು ಆಸ್ಪತ್ರೆಯಲ್ಲಿ ಹೇಳಿದಾಗ ಸ್ಪಂದನಾ ಪಿರಿಯಾಪಟ್ಟಣಕ್ಕೆ ಹೋಗದೆ ಮಿರ್ಲೆಗೇ ಬಂದಳು. ಸೈಕಲ್ ತುಳಿಯುವಂತಿರಲಿಲ್ಲ, ಸುಮ್ಮನೆ ಕೂರುವ ಜಾತಿಯೂ ಅವಳದಲ್ಲ. ಹಾಗಾಗಿ ಗೆಳತಿಯರಿಬ್ಬರೂ ಬೆಳಿಗ್ಗೆ ಎದ್ದು ನಡೆಯತೊಡಗಿದರು, ನಡೆಯುತ್ತ ನಡೆಯುತ್ತ ಮೆಲ್ಲಗೆ ಓಡತೊಡಗಿದರು. ಮುಂದಿನ ವರ್ಷ ಓಟ, ಸೈಕಲ್ ಎರಡೂ ಸೇರಿದ ಸ್ಪರ್ಧೆಯೊಂದಕ್ಕೆ ಜೋಡಿಯಾಗಿ ಹೆಸರು ಕೊಡುವ ಮಾತಾಯಿತು. ಒಬ್ಬರ ಹಿಂದೆ ಒಬ್ಬರು ಓಡುವುದೋ, ಪಕ್ಕಪಕ್ಕದಲ್ಲೋ ಎಂದು ಅವರಿನ್ನೂ ನಿರ್ಧರಿಸಿರಲಿಲ್ಲ. ನಾಲೆಯ ಏರಿ ಇಬ್ಬರಿಗೆ ಸಾಕಾಗುವಷ್ಟು ಅಗಲವಿತ್ತು.

ಒಂದು ಮುಂಜಾನೆ ಅವರು ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಾಗ ಸುನಂದಮ್ಮ ತಲೆಗೆ ಸೆರಗು ಬಿಗಿದು, ರಘುವಿನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಗೆ ಬಂದಳು. ಡಾಕ್ಟರು ದಿನಾ ನಡೆಯಬೇಕು ಅಂದಿದ್ದಾರಂತೆ. ಯಾವ ಡಾಕ್ಟರು, ಯಾವಾಗ ಅಂದರು ಎಂದು ಯಾರೂ ಕೇಳಲಿಲ್ಲ.

"ಮೆಲ್ಲಗೆ ಓಡ್ರವ್ವ," ಅಂದಳು, ಶೂ ಎಳೆದು ಎಳೆದು ಹೆಜ್ಜೆ ಹಾಕುತ್ತ. "ನನ್ಗಿದು ಹೊಸ್ದು."